ಅಪ್ಪನಿಗೆ ಆನೆ ಸೊಂಡಿಲು!

ಕಾವು ದಾಟಿ ಕನಕಮಜಲಿನ ಹತ್ತಿರ ಹಿಂದಿನ ಲಾರಿಯವ ಹಾರ್ನ್ ಹೊಡೆಯದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲವೋ ಏನೋ. ಮಧ್ಯಾಹ್ನ ಎರಡೂವರೆ. ಸ್ಟೇರಿಂಗ್ ಹಿಡಿದ ಹಾಗೆಯೇ ನನಗೆ ನಿದ್ದೆ ಹತ್ತಿತ್ತು. ವಯಸ್ಸು 34. ಪುತ್ತೂರು, ಸುಳ್ಯ, ಕಡಬ ಸುತ್ತುವ ಸೇಲ್ಸ್ ಕೆಲಸ. ‘ಊಟ ಜಾಸ್ತಿಯಾಯ್ತು’ ಅಂದುಕೊಂಡು ಸುಳ್ಯದಲ್ಲಿ ಚಾ ಕುಡಿದೆ.

ರಾತ್ರಿ ಕಡಬದ ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಅತ್ತೇ ಬಿಟ್ಟಳು. “ಬರೀ ಗೊರಕೆ ಅಲ್ಲ ಮಾರಾಯ್ರೆ, ನಡುವಲ್ಲಿ ನಿಮ್ಮ ಉಸಿರೇ ನಿಲ್ತದೆ. ಎಷ್ಟೋ ರಾತ್ರಿ ನಿಮ್ಮ ಎದೆ ಮೇಲೆ ಕೈ ಇಟ್ಟು ಕೂತದ್ದುಂಟು.”

ಮಂಗಳೂರಿನಲ್ಲಿ ಸ್ಲೀಪ್ ಸ್ಟಡಿ ಆಯಿತು. ತಲೆ, ಎದೆ, ಬೆರಳಿಗೆಲ್ಲ ವಯರು ಸುತ್ತಿಕೊಂಡು ಒಂದು ರಾತ್ರಿ. ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ತೀರಾ ಕುಗ್ಗುತ್ತಿತ್ತು. ಕನಿಷ್ಠ 10 ಸೆಕೆಂಡ್ ಹಾಗಾದರೆ ಮಾತ್ರ ಲೆಕ್ಕಕ್ಕೆ. 30 ದಾಟಿದರೆ ತೀವ್ರ. ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಗಾಳಿಯ ದಾರಿ ಮುಚ್ಚುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಹೀಗೇ ಬೆಳಗಿನವರೆಗೆ. ಆ ದಾರಿಯನ್ನು ಗಾಳಿಯ ಒತ್ತಡದಿಂದ ತೆರೆದಿಡುವುದೇ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸಿದರು.

ಮೊದಲ ರಾತ್ರಿ ಇಪ್ಪತ್ತೇ ನಿಮಿಷಕ್ಕೆ ಮಾಸ್ಕ್ ಕಿತ್ತೆಸೆದೆ. ಮಗಳು “ಅಪ್ಪನಿಗೆ ಆನೆ ಸೊಂಡಿಲು!” ಎಂದು ಕುಣಿದಳು. ನೆಂಟರು ಬಂದರೆ ಎಂತ ಹೇಳುವುದು ಎಂಬ ನಾಚಿಕೆ ಬೇರೆ. ಯಂತ್ರ ಎರಡು ವಾರ ಕಪಾಟಿನ ಮೇಲೆ ಕೂತಿತು.

ಮತ್ತೆ ತಪಾಸಣೆಗೆ ಹೋದಾಗ ಟೆಕ್ನಿಷಿಯನ್ ಬೈಯಲಿಲ್ಲ. “ಪಟ್ಟಿ ಬಿಗಿ ಮಾಡಿದಷ್ಟೂ ಗಾಳಿ ಸೋರುವುದು ಹೆಚ್ಚು ಸರ್. ಮಲಗಿ, ಗಾಳಿ ಆನ್ ಮಾಡಿ, ಆಮೇಲೆ ಸರಿಮಾಡಿ” ಎಂದರು. ಮೂಗು ಮಾತ್ರ ಮುಚ್ಚುವ, ಅಳತೆಗೆ ಹೊಂದುವ ಮಾಸ್ಕ್ ಕೊಟ್ಟರು. ಕಡಿಮೆ ಒತ್ತಡದಲ್ಲಿ ಶುರುವಾಗಿ ಮೆಲ್ಲನೆ ಏರುವ ‘ರ‍್ಯಾಂಪ್’ ಬಟನ್ ತೋರಿಸಿದರು. ಸೋತದ್ದು ನಾನಲ್ಲ, ಅಳತೆ!

ಉಳಿದದ್ದು ನಾನೇ ಕಲಿತದ್ದು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಕೂತು ಅಭ್ಯಾಸ ಮಾಡಿದೆ. ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಮಲಗುವುದು ಬಿಟ್ಟೆ. ಜಿಡ್ಡಿಗೆ ಮಾಸ್ಕ್ ಜಾರುತ್ತದೆ. ಅದರ ಕುಶನ್ ದಿನಾ ತೊಳೆಯುತ್ತೇನೆ. ನಮ್ಮ ಮಳೆಗಾಲದ ತಂಪಿಗೆ ಪೈಪಿನೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ತೇವಾಂಶದ ಸೆಟ್ಟಿಂಗ್ ಇಳಿಸಿ, ಯಂತ್ರವನ್ನು ಮಂಚಕ್ಕಿಂತ ತಗ್ಗಿನಲ್ಲಿಟ್ಟೆ. ಕರೆಂಟು ಹೋದರೆ ಇನ್ವರ್ಟರ್ ಉಂಟು. ಆಗ ನೀರು ಬಿಸಿ ಮಾಡುವ ಹೀಟರ್ ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಪೂರ್ತಿ ರಾತ್ರಿ ಹಾಕಿ ಮಲಗಲು ಆರು ವಾರ ಬೇಕಾಯಿತು. ಡಾಕ್ಟರು ಹೂಂ ಅನ್ನುವವರೆಗೆ ಕಾರು ಮುಟ್ಟಲಿಲ್ಲ, ಬಸ್ಸಿನಲ್ಲೇ ಓಡಾಡಿದೆ.

ನಿಮ್ಮ ಪಕ್ಕದಲ್ಲಿ ಮಲಗುವವರು “ಉಸಿರು ನಿಲ್ತದೆ” ಅಂದರೆ ನಗಬೇಡಿ, ಡಾಕ್ಟರ ಹತ್ತಿರ ಹೋಗಿ. ಮೊದಲ ಮಾಸ್ಕ್ ಒಗ್ಗದಿದ್ದರೆ ಕಪಾಟಿಗೆ ಹಾಕಬೇಡಿ, ಬದಲಿಸಲು ಕೇಳಿ.

ಮೊನ್ನೆ ಭಾನುವಾರ ಆರಕ್ಕೇ ಎದ್ದೆ. ಒಂಬತ್ತಾದರೂ ಹೆಂಡತಿ ಎದ್ದಿರಲಿಲ್ಲ. ಎಬ್ಬಿಸಲು ಹೋದ ಮಗಳನ್ನು ತಡೆದೆ. ಆರು ವರ್ಷದ ನಿದ್ದೆ ಬಾಕಿ ಉಂಟು ಅವಳಿಗೆ.