ಪೂರ್ತಿ ತೆಗೆಸಿದರೆ ಪೂರ್ತಿ ಗುಣವೇ?

ಎದೆಯ ಗಂಟು ಕ್ಯಾನ್ಸರೆಂದು ನಿಶ್ಚಯವಾದ ದಿನ, ಬೆಂಗಳೂರಿನ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ, ಮನೆಯ ಹಿರಿಯರಾಡುವ ಮೊದಲ ಮಾತು “ಪೂರ್ತಿ ತೆಗೆಸಿಬಿಡಮ್ಮ, ಮತ್ತೆ ಬರೋದು ಬೇಡ” ಎಂಬುದು. ಜಯನಗರಕ್ಕೆ ಅನತಿದೂರದ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಂತೆ ಈ ನಗರದ ಸ್ತ್ರೀಯರಲ್ಲಿ ಅತ್ಯಧಿಕವಾಗಿ ಕಾಣುವ ಕ್ಯಾನ್ಸರ್ ಇದೇ ಆಗಿರುವುದರಿಂದ, ವಾತ್ಸಲ್ಯದಿಂದ ಹುಟ್ಟಿದ ಆ ಮಾತು ಎಷ್ಟು ಮನೆಗಳಲ್ಲಿ ನಿರ್ಣಯವಾಗಿ ಪರಿಣಮಿಸುವುದೋ ಊಹಿಸಬಹುದು.

ಒಂದು ಕಾಲಕ್ಕೆ ವೈದ್ಯರ ನಂಬಿಕೆಯೂ ಅದೇ. ರೋಗವು ಮೂಲಸ್ಥಾನದಿಂದ ಹಂತಹಂತವಾಗಿ ಹಬ್ಬುವುದೆಂದು ಬಗೆದ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್, ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಕ್ರಮವನ್ನು ರೂಢಿಸಿದನು. ರೋಗಕಣಗಳು ರಕ್ತದ ಮಾರ್ಗವಾಗಿ ಮೊದಲೇ ದೂರ ಸರಿದಿದ್ದರೆ ಎದೆಯನ್ನು ಎಷ್ಟು ಕೊಯ್ದರೂ ಆಯುಸ್ಸು ಬೆಳೆಯದೆಂದು ತರ್ಕಿಸಿದ ಅಮೆರಿಕದ ಮತ್ತೊಬ್ಬ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್, 1976ರಲ್ಲಿ ಆರಂಭಿಸಿದ ಪ್ರಯೋಗದ 1,851 ಸ್ತ್ರೀಯರನ್ನು 20 ವರ್ಷ ಅನುಸರಿಸಿದ ಮೇಲೆ, ಪೂರ್ತಿ ತೆಗೆಸಿಕೊಂಡವರಿಗೂ ಗಡ್ಡೆಯನ್ನಷ್ಟೇ ತೆಗೆಸಿಕೊಂಡವರಿಗೂ ಆಯುಸ್ಸಿನಲ್ಲಿ ಅಂತರ ಕಾಣಲಿಲ್ಲ. ಮಿಲಾನಿನ ಶಸ್ತ್ರವೈದ್ಯ ವೆರೊನೆಸಿಯ ಪ್ರಯೋಗವೂ 2002ರಲ್ಲಿ ಇದನ್ನೇ ಸ್ಥಿರಪಡಿಸಿತು.

ಆದರೆ ಸ್ತನವನ್ನು ಉಳಿಸಿಕೊಂಡವರು ನಮ್ಮವರು ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ಬಿಡುವಂತಿಲ್ಲ. ಫಿಶರನ ಪ್ರಯೋಗದಲ್ಲಿ ಅದಿಲ್ಲದೆ ನೂರಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು, ಅದನ್ನು ಪಡೆದವರಲ್ಲಿ 14 ಮಂದಿಗೆ. ಪೂರ್ತಿ ತೆಗೆಸಿದರೆ ಕರೆಂಟ್ ತಪ್ಪುವುದೆಂಬುದೂ ಸರಿಯಲ್ಲ: ಗಡ್ಡೆ ದೊಡ್ಡದಿದ್ದರೆ, ಕಂಕುಳಿನ ಗ್ರಂಥಿಗಳಿಗೆ ರೋಗ ತಗುಲಿದ್ದರೆ, ಆಗಲೂ ಅದು ಬೇಕಾದೀತು. ಒಂದೇ ಸ್ತನದ ಹಲವೆಡೆ ಗಡ್ಡೆಗಳಿರುವವರಂತೆ ಕೆಲವರಿಗೆ ಪೂರ್ತಿ ತೆಗೆಸುವುದೇ ಯುಕ್ತವಾಗಬಹುದೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಮುಂದಿನ ದಿನಗಳ ಸೌಖ್ಯವನ್ನು ಎಷ್ಟೋ ವೇಳೆ ಸ್ತನಕ್ಕಿಂತ ಕಂಕುಳೇ ನಿರ್ಣಯಿಸುವುದೆಂಬ ಸಂಗತಿ ಮನೆಯ ಮಾತುಕತೆಯಲ್ಲಿ ಬರುವುದೇ ಇಲ್ಲ. ಅಲ್ಲಿಯ ಗ್ರಂಥಿಗಳನ್ನು ಗುಂಪಾಗಿ ತೆಗೆದರೆ ದುಗ್ಧರಸ ಹರಿಯುವ ದಾರಿ ಕಡಿದು ಸುಮಾರು ಐವರಲ್ಲಿ ಒಬ್ಬರಿಗೆ ಕೈ ಬಾತುಕೊಳ್ಳುವುದು. ರಸ ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದರೆ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. ಆದುದರಿಂದ “ಕಂಕುಳಲ್ಲಿ ಎಷ್ಟು ತೆಗೆಯುವಿರಿ?” ಎಂದು ಶಸ್ತ್ರಕ್ರಿಯೆಗೆ ಮೊದಲೇ ಕೇಳುವುದು ರೋಗಿಯ ಹಕ್ಕೆಂದು ನಾನು ದೃಢವಾಗಿ ನಂಬುತ್ತೇನೆ. “ಆ ಕೈಯಲ್ಲಿ ಏನೂ ಎತ್ತಬೇಡ” ಎಂಬ ಅಕ್ಕರೆಯ ಆಜ್ಞೆಯೂ ಕೆಡುಕನ್ನೇ ಮಾಡುತ್ತದೆ. ಆಡಿಸದ ಭುಜ ಬಿಗಿಯುತ್ತದೆ. ಜಡೆ ಹೆಣೆಯುವುದು, ರವಿಕೆ ತೊಡುವುದು, ಅಟ್ಟದ ಡಬ್ಬಿ ಇಳಿಸುವುದು ಕಷ್ಟವಾಗುತ್ತದೆ. ತಜ್ಞರ ಮೇಲ್ವಿಚಾರಣೆಯಲ್ಲಿ ಮೆಲ್ಲಮೆಲ್ಲನೆ ಭಾರ ಎತ್ತುವ ವ್ಯಾಯಾಮದಿಂದ ಬಾವು ಹೆಚ್ಚದೆಂದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

“ಮೊಮ್ಮಕ್ಕಳಾದವಳಿಗೆ ಸ್ತನ ಉಳಿಸಿಕೊಳ್ಳುವ ಹಂಬಲವೇಕೆ?” ಎನ್ನುವವರುಂಟು. ವಯಸ್ಸು ದೇಹದ ಮೇಲಿನ ಮಮತೆಯನ್ನು ಅಳಿಸುವುದಿಲ್ಲ. ಪೂರ್ತಿ ತೆಗೆಸಿಕೊಂಡವರಲ್ಲಿ ತಮ್ಮ ದೇಹರೂಪದ ಕುರಿತ ಸಂಕಟ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಎಲ್ಲವನ್ನೂ ತಿಳಿದು ಪೂರ್ತಿ ತೆಗೆಸುವುದನ್ನೇ ಆರಿಸಿಕೊಂಡವಳ ನಿರ್ಧಾರ ಅವಳದು, ಅದನ್ನು ಗೌರವಿಸತಕ್ಕದ್ದು. ಅವಳಿಗೆ ಸ್ತನದ ಪುನರ್ನಿರ್ಮಾಣವನ್ನು ಅದೇ ಶಸ್ತ್ರಕ್ರಿಯೆಯಲ್ಲಿ ಇಲ್ಲವೆ ವರ್ಷಗಳು ಕಳೆದ ಮೇಲೂ ಮಾಡಿಸಿಕೊಳ್ಳುವ ಅವಕಾಶವುಂಟು. ಅದು ರೋಗವನ್ನು ಮರಳಿ ತರುವುದೆಂಬ ಭಯಕ್ಕೆ ಆಧಾರವಿಲ್ಲ.