ಬೋರ್ಡಿಲ್ಲದ ವೃತ್ತಿ

ವೈದ್ಯರ ಮನೆಯ ಮುಂದೆ ಬೋರ್ಡು ಇರುತ್ತದೆ. ವಕೀಲರಿಗೆ ಕರಿಯ ಕೋಟು ಉಂಟು. ದರ್ಜಿಯ ಅಂಗಡಿಯನ್ನು ಹೊಲಿಗೆಯಂತ್ರದ ಸದ್ದೇ ತೋರಿಸಿಕೊಡುತ್ತದೆ. ಆದರೆ ಯಾವ ಕಂಪನಿಯ ನೌಕರನೂ ಆಗದೆ, ಕಂಪ್ಯೂಟರಿನ ವಿಷಯದಲ್ಲಿ ನಾಲ್ಕು ಮಂದಿಗೆ ಸಲಹೆ ಹೇಳಿ ಬದುಕುವವನನ್ನು ಗುರುತಿಸುವುದು ಹೇಗೆ? ಅವನಲ್ಲಿ ಮಾರುವ ಸರಕಿಲ್ಲ. ಇರುವುದು ತಿಳಿವಳಿಕೆಯೊಂದೇ, ಅದು ತಲೆಯೊಳಗಿದೆ, ಹೊರಗೆ ಕಾಣುವುದಿಲ್ಲ. ಇಂಥವನಿಗೆ ಸ್ವತಂತ್ರ ತಂತ್ರಜ್ಞಾನ ಸಲಹೆಗಾರನೆಂದು ಹೆಸರು. ಬಿ.ಎ. ಮುಗಿಯುತ್ತ ಬಂದಿರುವ ಈ ಹೊತ್ತಿನಲ್ಲಿ ನನ್ನ ಮನಸ್ಸು ಈ ವೃತ್ತಿಯ ಕಡೆಗೆ ಹೊರಳಿರುವುದರಿಂದ, ಅದರ ಬಗೆಯನ್ನು ನಾನು ತಿಳಿದಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಹೊಸ ಯಂತ್ರ ಕೊಳ್ಳಬೇಕೆ, ಇರುವುದರಲ್ಲೇ ಸಾಗಿಸಬಹುದೆ, ಅಂಗಡಿಯವನು ಹೊಗಳುವ ತಂತ್ರಾಂಶ ನಿಜವಾಗಿ ಬೇಕೆ — ಇಂಥ ಪ್ರಶ್ನೆಗಳು ಒಂದು ಸಣ್ಣ ಅಚ್ಚುಕೂಟಕ್ಕಾಗಲಿ ಸಹಕಾರ ಸಂಘಕ್ಕಾಗಲಿ ಬಂದೇ ಬರುತ್ತವೆ. ಮಾರುವವನನ್ನು ಕೇಳಿದರೆ ‘ಬೇಕು’ ಎಂದೇ ಹೇಳುತ್ತಾನೆ. ಮಾರುವವನಲ್ಲದವನ ಮಾತಿಗೆ ಬೆಲೆ ಬರುವುದು ಅಲ್ಲಿಯೇ.

ಆದರೆ ಜನ ಅವನ ಬಳಿಗೆ ಬರುವ ದಾರಿ ಯಾವುದು? ಬಲ್ಲವರು ಹೇಳುವುದು ಎರಡು: ಬರೆಯುವುದು, ಬಳಕೆ ಬೆಳೆಸುವುದು. ಅಂತರಜಾಲದಲ್ಲಿ ದಿನಚರಿಯಂತೆ ಬರೆದಿಡುವ ಪದ್ಧತಿಗೆ ೧೯೯೭ರಲ್ಲಿ ‘ವೆಬ್‌ಲಾಗ್’ ಎಂಬ ಹೆಸರು ಬಂದು, ೧೯೯೯ರಲ್ಲಿ ಅದು ‘ಬ್ಲಾಗ್’ ಎಂದು ಮೊಟಕಾಯಿತು. ಕನ್ನಡವೇನೂ ಹಿಂದೆ ಉಳಿದಿರಲಿಲ್ಲ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು ೧೯೯೬ರಲ್ಲಿಯೇ ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದರು; ಕನ್ನಡದ ಮೊದಲ ಜಾಲತಾಣವೆಂದು ಅದು ಹೆಸರಾಗಿದೆ. ಮರುವರ್ಷ ಆ ಭದ್ರವಾದ ಉದ್ಯೋಗವನ್ನು ಬಿಟ್ಟು, ಕಂಪ್ಯೂಟರಿನಲ್ಲಿ ಕನ್ನಡದ ಕೆಲಸಕ್ಕೇ ನಿಂತರು. ಕಂಪ್ಯೂಟರು, ಮೊಬೈಲುಗಳ ವಿಚಾರವನ್ನು ಪತ್ರಿಕೆಗಳಲ್ಲಿ ಸಾಮಾನ್ಯರ ಕನ್ನಡದಲ್ಲಿ ಬರೆಯುತ್ತ ಬಂದರು. ಸರ್ಕಾರಿ ಕೆಲಸಕ್ಕಾಗಿ ಹಗಲಿರುಳು ಓದುತ್ತಿರುವ ನಮ್ಮ ಗೆಳೆಯರಿಗೆ ಆ ರಾಜೀನಾಮೆ ವಿಚಿತ್ರವೆನಿಸೀತು!

ಇದಕ್ಕೂ ಹತ್ತಿರದ ಉದಾಹರಣೆಯೊಂದು ಅಡಿಕೆಯ ನಾಡಿನಲ್ಲಿಯೇ ಇದೆ. ೧೯೮೮ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ತಾನು ಮಾಡಿ ನೋಡಿದ್ದನ್ನು ಬೆಳೆಗಾರನೇ ಬರೆಯುತ್ತಾನೆ. ಅದನ್ನು ಓದಿದ ಇನ್ನೊಬ್ಬ ಬೆಳೆಗಾರ ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ತಂತ್ರಜ್ಞಾನದ ಸಲಹೆಗಾರ ಮಾಡಬೇಕಾದುದೂ ಇದೇ. ‘ನಾನು ಪ್ರವೀಣ’ ಎಂದು ಬರೆದರೆ ಯಾರೂ ನಂಬರು. ‘ಈ ತೊಡಕು ಹೀಗೆ ಬಂತು, ಹೀಗೆ ಬಿಡಿಸಿದೆ, ಇಲ್ಲಿ ಸೋತೆ’ ಎಂದು ಬರೆದರೆ ಅದೇ ತೊಡಕಿನಲ್ಲಿ ಸಿಕ್ಕಿಕೊಂಡವನು ತಾನಾಗಿ ಬರುತ್ತಾನೆ. ಕೆಲಸ ಕೊಟ್ಟವರ ಹೆಸರನ್ನೂ ಗುಟ್ಟನ್ನೂ ಮಾತ್ರ ಬರಹದಲ್ಲಿ ತರಕೂಡದು.

ಇನ್ನು ಬಳಕೆಯ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ೧೯೭೩ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಿತರ ಮೂಲಕ ಹೊಸ ಕೆಲಸ ಸಿಕ್ಕವರನ್ನು, ‘ಆ ಪರಿಚಿತನನ್ನು ಎಷ್ಟು ಸಲ ಕಾಣುತ್ತಿದ್ದಿರಿ?’ ಎಂದು ಅವರು ಕೇಳಿದ್ದರು. ಪದೇಪದೇ ಕಾಣುತ್ತಿದ್ದವರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ ಸುಮಾರು ೧೭ ಮಂದಿಗೆ ಮಾತ್ರ. ಉಳಿದವರಿಗೆಲ್ಲ ಆಗೀಗ ಇಲ್ಲವೆ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳವಾಗಿದೆ. ಆಪ್ತರಿಗೆ ತಿಳಿದದ್ದು ನಮಗೂ ಆಗಲೇ ತಿಳಿದಿರುತ್ತದೆ. ಹೊಸ ಸುದ್ದಿ ದೂರದವರಲ್ಲಿರುತ್ತದೆ.

ಈ ಮಾತು ನನ್ನನ್ನು ಬಹಳ ತಟ್ಟಿತು. ನನ್ನ ತಂದೆಯವರು ಅಡಿಕೆಯ ಕೊನೆ ಕೊಯ್ಯುವವರು. ಅಡ್ಡಗದ್ದೆಯ ಸುತ್ತಿನ ತೋಟದವರೆಲ್ಲ ಅವರನ್ನು ಬಲ್ಲರು. ಆದರೆ ಆ ಬಳಕೆ ಶೃಂಗೇರಿಯಿಂದಾಚೆಗೆ ಹೋಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ‘ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ’ ಎಂದು ಬೆಂಗಳೂರಿಗೆ ಫೋನು ಮಾಡಬಲ್ಲ ಮಾವನೊಬ್ಬನೂ ನನಗಿಲ್ಲ. ಕೆಲವರಿಗೆ ದೂರದ ಪರಿಚಯವೂ ತೋಟದಂತೆ ಪಿತ್ರಾರ್ಜಿತವಾಗಿ ಬರುತ್ತದೆ. ಇಲ್ಲದವನು ಅದನ್ನು ಬರೆದೇ ಸಂಪಾದಿಸಬೇಕು.

ರಜೆಯಲ್ಲಿ ನಾನು ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ಗೀಟುಗಳಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಫಾಂಟುಗಳು ಪರಭಾಷೆಯ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ವೇಷ ಹಾಕಿದ್ದವು. ಫಾಂಟು ಇಲ್ಲದೆಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಾದರೆ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ — ‘ಕ’ಕಾರಕ್ಕೆ ೩೨೨೧. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಕ್ರಮವನ್ನು ಕಲಿತು, ಎರಡು ಪುಟದಷ್ಟು ಬರೆದು ಜಾಲದಲ್ಲಿ ಹಾಕಿದೆ.

ಮೊದಲು ಬಂದದ್ದು ಮೆಚ್ಚುಗೆಯಲ್ಲ, ತಿದ್ದುಪಡಿ! ಹಾವೇರಿ ಕಡೆಯ ಅಚ್ಚುಕೂಟದವರೊಬ್ಬರು ಫೋನು ಮಾಡಿ, ‘ಅರ್ಕಾವೊತ್ತಿನ ವಿಚಾರ ಬಿಟ್ಟಿದ್ದೀರಲ್ಲ?’ ಎಂದರು. ನಿಜ. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಒತ್ತನ್ನು ‘ಯ’ದ ನಂತರ ಇಡುತ್ತದೆ, ಯೂನಿಕೋಡು ‘ಯ’ಕ್ಕೆ ಮೊದಲು, ಎಚ್ಚರ ತಪ್ಪಿದರೆ ಪದವೇ ಕೆಡುತ್ತದೆ. ನಾನು ತಪ್ಪೊಪ್ಪಿಕೊಂಡು ತಿದ್ದಿ ಬರೆದೆ. ಎರಡು ತಿಂಗಳ ಮೇಲೆ ಅವರೇ ತಮ್ಮ ಹಳೆಯ ಪುಸ್ತಕವೊಂದರ ಕಡತಗಳನ್ನು ನನಗೆ ಕಳುಹಿಸಿದರು. ಇಂದಿಗೂ ನಾವು ಮುಖತಃ ಭೇಟಿಯಾಗಿಲ್ಲ.

ಎಲ್ಲವೂ ಹೀಗೆ ಸುಲಲಿತವಲ್ಲ. ಹತ್ತಿರದ ಸಂಘವೊಂದಕ್ಕೆ ಮೂರು ಸಲ ಪುಕ್ಕಟೆಯಾಗಿ ದುಡಿದು ನಾಲ್ಕನೆಯ ಸಲ ಶುಲ್ಕ ಹೇಳಿದಾಗ, ‘ಒಂದು ಬಟನ್ ಒತ್ತುವುದಕ್ಕೆ ಇಷ್ಟೇ?’ ಎಂಬ ಉತ್ತರ ಬಂತು. ಅಪ್ಪನಿಗೆ ಹೇಳಿದರೆ ನಕ್ಕುಬಿಟ್ಟರು: ‘ಮರ ಹತ್ತೋಕೆ ಮೊದ್ಲು ಕೂಲಿ ಮಾತಾಡ್ಬೇಕು ಮಾರಾಯ, ಇಳಿದ್ಮೇಲಲ್ಲ.’ ತಿಂಗಳ ಸಂಬಳದ ಭರವಸೆ ಇಲ್ಲದ ಈ ದಾರಿಯಲ್ಲಿ ಮೊದಲ ಒಂದೆರಡು ವರ್ಷ ಬರೀ ಇಂಥ ಪಾಠಗಳೇ ಆಗಬಹುದು. ಆದಕಾರಣ ಬಿ.ಎಡ್. ಅರ್ಜಿಯನ್ನೂ ತುಂಬಿಟ್ಟಿದ್ದೇನೆ, ಮನೆಯವರಿಗೆ ಅಷ್ಟಾದರೂ ಸಮಾಧಾನ ಬೇಕಷ್ಟೆ.

ಅರ್ಕಾವೊತ್ತಿನ ಬಗ್ಗೆಯೇ ಎರಡನೆಯ ಬರಹವೊಂದು ಸಿದ್ಧವಾಗಿದೆ. ಮೂರು ದಿನದಿಂದ ಮಳೆ, ಕರೆಂಟಿಲ್ಲ, ಟವರೂ ಮಲಗಿದೆ. ನಾಳೆ ಬಸ್ಸು ಬಂದರೆ ಶೃಂಗೇರಿಗೆ ಹೋಗಿ ಹಾಕಬೇಕು.