ಸಣ್ಣ ಕರುಳಿನ ಕ್ಯಾನ್ಸರ್: ಅಪರೂಪವೆಂದು ಅಲಕ್ಷ್ಯ ಬೇಡ

ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡಿದಂತೆ ನೋವು ಬಂದು ಹೋಗುತ್ತಿದೆಯೇ? ಜೊತೆಗೆ ವಾಂತಿ, ಸುಸ್ತು, ತೂಕ ಇಳಿಕೆ ಇವೆಯೇ? ಮಲ ಡಾಂಬರಿನಂತೆ ಕಪ್ಪಾಗಿದೆಯೇ? ‘ಗ್ಯಾಸ್’ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಬೇಡಿ.

ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಕ್ಯಾನ್ಸರ್ ಅಪರೂಪ. ಜೀರ್ಣಾಂಗಗಳ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇಕಡ 5ಕ್ಕಿಂತ ಕಡಿಮೆ. ಆದ್ದರಿಂದಲೇ ಪತ್ತೆ ತಡವಾಗುತ್ತದೆ. ಕರುಳಿನ ಕ್ಷಯವೂ ಇಂಥದೇ ಲಕ್ಷಣ ತೋರುವುದುಂಟು. ಎರಡನ್ನೂ ಬೇರ್ಪಡಿಸಲು ಕರುಳಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಓದುಗರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ.

ಬಾಯಿಯ ಮೂಲಕ ಮಾಡುವ ಎಂಡೋಸ್ಕೋಪಿಗೆ ಸಣ್ಣ ಕರುಳಿನ ಆರಂಭವಷ್ಟೇ ಕಾಣುತ್ತದೆ. ಗುದದ್ವಾರದ ಮೂಲಕ ಮಾಡುವ ಕೊಲೊನೋಸ್ಕೋಪಿಗೆ ಅದರ ಕೊನೆಯಷ್ಟೇ. ಎರಡೂ ಸರಿಯಿದ್ದು ರಕ್ತಹೀನತೆ ಮರುಕಳಿಸಿದರೆ, ನಡುಭಾಗದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅದಕ್ಕೆ ಸಿ.ಟಿ. ಸ್ಕ್ಯಾನ್, ನುಂಗುವ ಕ್ಯಾಮೆರಾ ಗುಳಿಗೆ ಇವೆ. ಕರುಳು ಕಿರಿದಾಗಿದ್ದರೆ ಗುಳಿಗೆ ಸಿಕ್ಕಿಕೊಳ್ಳಬಹುದು. ಆ ಶಂಕೆಯಿದ್ದರೆ ಮೊದಲು ಸ್ಕ್ಯಾನ್.

ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ರೋಗವಿರುವ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆದು, ಕರುಳಿನ ತುದಿಗಳನ್ನು ಜೋಡಿಸುತ್ತಾರೆ. ಅಗತ್ಯವಿದ್ದರೆ ಬಳಿಕ ಕೀಮೋಥೆರಪಿ ಕೊಡುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೇ ಮೀಸಲು. ಹೋಗುವಾಗ ಸ್ಥಳೀಯ ವೈದ್ಯರ ಪತ್ರ, ಪಡಿತರ ಚೀಟಿ, ಹಳೆಯ ವರದಿಗಳು ಜೊತೆಗಿರಲಿ.

ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಮಲ–ವಾಯು ಎರಡೂ ಕಟ್ಟಿಕೊಂಡರೆ ಕರುಳು ಮುಚ್ಚಿಹೋಗಿರಬಹುದು. ಆಗ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.